ಮಧ್ಯಾಹ್ನದ ಸಾಲಿಗೆ

ಅಮೆರಿಕದ ಇಂಡಿಯಾನಾ ರಾಜ್ಯದ ಕ್ರಾಫರ್ಡ್ಸ್‌ವಿಲ್ ಊರಿನ ಹೊರಗೆ, ಅಕ್ಟೋಬರ್ ಕೊನೆಯ ಹೊತ್ತಿಗೆ ‘ಐರನ್‌ಮ್ಯಾನ್’ ಎಂಬ ಕಾಡುದಾರಿಯ ಮೋಟಾರ್‌ಸೈಕಲ್ ರೇಸು ನಡೆಯುತ್ತದೆ. ಶನಿವಾರ ನಾಲ್ಕು ಚಕ್ರದ ಎಟಿವಿಗಳದ್ದು, ಭಾನುವಾರ ಬೈಕುಗಳದ್ದು. ಭಾನುವಾರ ಮಕ್ಕಳ ಓಟ ಮುಗಿದ ಮೇಲೆ ದೊಡ್ಡವರಿಗೆ ಎರಡು ಪಾಳಿ. ಹತ್ತು ಗಂಟೆಗೆ ಹೊರಡುವುದು ಎರಡು ಗಂಟೆಯ ಓಟ. ಹೊಸಬರು ಅಂದರೆ ಸಿ ಕ್ಲಾಸಿನವರು, ಹೆಂಗಸರು, ವಯಸ್ಸಾದವರ ಕೆಲವು ವರ್ಗದವರು ಅದರಲ್ಲಿರುತ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಹೊರಡುವುದು ಮೂರು ಗಂಟೆಯ ಓಟ. ಅದರ ಮುಂದಿನ ಸಾಲಿನಲ್ಲಿ ಇದನ್ನೇ ವೃತ್ತಿ ಮಾಡಿಕೊಂಡವರು ನಿಲ್ಲುತ್ತಾರೆ, ಅವರ ಹಿಂದೆ ಎ ಕ್ಲಾಸು, ಅದರ ಹಿಂದೆ ಬಿ. ಕಾಡು ಅದೇ, ಹಳ್ಳ ಅದೇ, ದಾರಿಯೂ ಹೆಚ್ಚುಕಡಿಮೆ ಅದೇ. ಆದರೆ ಮಧ್ಯಾಹ್ನದವರಿಗೆ ಸಿಗುವುದು ಬೆಳಗಿನವರ ನೂರಾರು ಚಕ್ರಗಳು ಆಗಲೇ ಕೊರೆದು, ಬೇರುಗಳನ್ನೆಲ್ಲ ಬಯಲಿಗೆಳೆದು ಬಿಟ್ಟ ದಾರಿ.

ನಾನು ಬೆಳಗಿನ ಪಾಳಿಯವನಾಗಿದ್ದೆ. ಈ ಸೀಸನ್ನಿನ ಕೊನೆಯ ರೇಸಿಗೆ ನಮೂನೆ ತುಂಬುವಾಗ ಮೂವತ್ತು ದಾಟಿದವರ ಬಿ ಎಂದು ಬರೆದೆ.

ನನ್ನ ಕೆಲಸ ಇಂಡಿಯಾನಾದ ಕೊಲಂಬಸ್‌ನಲ್ಲಿ, ಡೀಸೆಲ್ ಎಂಜಿನ್ನಿನ ಕಮಿನ್ಸ್ ಕಂಪನಿಯ ಕೇಂದ್ರ ಕಚೇರಿ ಇರುವ ಊರಿನಲ್ಲಿ. ಅಲ್ಲಿಂದ ಕ್ರಾಫರ್ಡ್ಸ್‌ವಿಲ್‌ಗೆ ಸುಮಾರು ಎರಡು ಗಂಟೆಯ ದಾರಿ. ಶನಿವಾರ ನಸುಕಿನಲ್ಲಿ ವ್ಯಾನಿನ ಹಿಂದೆ ಬೈಕು ಕಟ್ಟಿಕೊಂಡು ಹೊರಟೆ. ಐ-65ರ ಎರಡೂ ಬದಿಗೆ ಮೆಕ್ಕೆಜೋಳದ ಕೊಯ್ಲು ನಡೆದಿತ್ತು. ಇಬ್ಬನಿ ಆರುವ ಮೊದಲೇ ಕೊಯ್ಲಿನ ಯಂತ್ರಗಳು ಬದುವಿನ ಮೇಲೆ ಬಂದು ನಿಂತಿದ್ದವು. ಇಂಡಿಯಾನಾಪೊಲಿಸ್ ಸುತ್ತುವ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ತಿರುಗಿದರೆ ಸ್ಪೀಡ್‌ವೇ ಊರಿನ ಫಲಕ ಬರುತ್ತದೆ. 1909ರಲ್ಲಿ ಶುರುವಾದ, ಎರಡೂವರೆ ಮೈಲಿ ಸುತ್ತಳತೆಯ ಆ ಪ್ರಸಿದ್ಧ ಟ್ರ್ಯಾಕಿನ ಊರು. ಈ ರಾಜ್ಯದಲ್ಲಿ ರೇಸು ಎಂದರೆ ಮೊದಲು ಅದು, ಆಮೇಲೆ ಮಿಕ್ಕಿದ್ದೆಲ್ಲ. ಅಲ್ಲಿಂದ ಮುಂದೆ ಐ-74 ಹಿಡಿದು ಹೋದರೆ ನೆಲ ಸ್ವಲ್ಪಸ್ವಲ್ಪವೇ ಏರಿಳಿಯತೊಡಗುತ್ತದೆ. ಹೊಲಗಳ ನಡುವೆ ಮೇಪಲ್, ಓಕ್ ಮರಗಳ ಕಾಡು ಕಾಣುತ್ತದೆ, ತಗ್ಗಿನಲ್ಲಿ ಹಳ್ಳಗಳು.

ಕ್ರಾಫರ್ಡ್ಸ್‌ವಿಲ್ ಸಣ್ಣ ಊರು. ‘ಬೆನ್-ಹರ್’ ಬರೆದ ಲ್ಯೂ ವ್ಯಾಲೇಸ್ ಬಾಳಿದ್ದು ಇಲ್ಲೇ. ಅಂತರ್ಯುದ್ಧದಲ್ಲಿ ಉತ್ತರದ ಪಡೆಯ ಸೇನಾನಿಯಾಗಿದ್ದ ಆತ 1880ರಲ್ಲಿ ಆ ಕಾದಂಬರಿ ಪ್ರಕಟಿಸಿದ. ನಮ್ಮ ಹಿರಿಯರು ಬೆಂಗಳೂರಿನ ಟಾಕೀಸಿನಲ್ಲಿ ಬಾಯಿ ತೆರೆದು ನೋಡಿದ ರಥದ ಓಟ ಈ ಊರಿನವನ ಕಲ್ಪನೆ. ಅವನು ಕಟ್ಟಿಸಿಕೊಂಡ ಇಟ್ಟಿಗೆಯ ಓದುಮನೆ ಈಗ ಮ್ಯೂಸಿಯಂ. ಹೋಗುವ ದಾರಿಯಲ್ಲೇ ಇದ್ದುದರಿಂದ ಆವರಣದಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿದೆ. ದೊಡ್ಡ ಮರಗಳು, ಒಣ ಎಲೆ, ಒಬ್ಬ ಮಾಲಿ. ಕೆಲವೇ ಮೈಲಿ ದೂರದಲ್ಲಿ ಸಾವಿರಾರು ಜನ ಟೆಂಟು ಹಾಕಿಕೊಂಡು ಕೂತಿದ್ದಾರೆ ಎಂಬುದರ ಸುಳಿವೂ ಅಲ್ಲಿರಲಿಲ್ಲ.

ಈ ರೇಸು ಸೇರಿರುವ ಸರಣಿಯ ಹೆಸರು ಗ್ರ್ಯಾಂಡ್ ನ್ಯಾಷನಲ್ ಕ್ರಾಸ್ ಕಂಟ್ರಿ. ಎಲ್ಲರ ಬಾಯಲ್ಲೂ ಜಿಎನ್‌ಸಿಸಿ. ಇದರ ಬೇರು ವೆಸ್ಟ್ ವರ್ಜೀನಿಯಾದ ಡೇವಿಸ್ ಎಂಬ ಬೆಟ್ಟದೂರಿನಲ್ಲಿದೆ. 1975ರಲ್ಲಿ ಡೇವ್ ಕೂಂಬ್ಸ್ ಎಂಬಾತ ಅಲ್ಲಿ ‘ಬ್ಲ್ಯಾಕ್‌ವಾಟರ್ 100’ ಎಂಬ ನೂರು ಮೈಲಿಯ ಓಟ ನಡೆಸಿದ. ಜೌಗು, ನದಿ, ಬಂಡೆ, ಕಲ್ಲಿದ್ದಲ ನಾಡಿನ ಕಪ್ಪು ಕೆಸರು ಎಲ್ಲವೂ ಅದರಲ್ಲಿತ್ತು. ಆ ಮೂಲ ಓಟ 1993ಕ್ಕೆ ನಿಂತಿತು. ಅದರ ಸುತ್ತ ಬೆಳೆದ ಸರಣಿ ಮಾತ್ರ ಉಳಿದುಕೊಂಡಿತು. ಕೈಲಬ್ ರಸೆಲ್ 2013ರಿಂದ 2020ರವರೆಗೆ ಸತತ ಎಂಟು ವರ್ಷ ಬೈಕಿನ ಚಾಂಪಿಯನ್ ಆದದ್ದು ಇದರಲ್ಲೇ. ಈ ಸರಣಿಯ ಬಗ್ಗೆ ನನಗೆ ತುಂಬ ಪ್ರೀತಿ ಹುಟ್ಟಿಸಿದ ಸಂಗತಿ ಬೇರೆ. ಅಂಥ ರಸೆಲ್ ಓಡಿಸಿದ ಕಾಡಿನಲ್ಲೇ, ಅದೇ ದಿನ, ವಾರವೆಲ್ಲ ನಲ್ಲಿ ರಿಪೇರಿ ಮಾಡುವವನೂ ಶಾಲೆಯ ಮೇಷ್ಟ್ರೂ ನನ್ನಂಥ ಎಂಜಿನಿಯರೂ ಓಡಿಸಬಹುದು. ಬೇರೆ ಯಾವ ಆಟದಲ್ಲಿ ಹವ್ಯಾಸಿಗೆ ಈ ಭಾಗ್ಯವಿದೆ?

ಬಿ ಕ್ಲಾಸಿಗೆ ಹೋಗುವುದು ಅನಿವಾರ್ಯವೇನೂ ಆಗಿರಲಿಲ್ಲ. ಸಿ ಕ್ಲಾಸಿನಲ್ಲಿ ಮತ್ತೆಮತ್ತೆ ಮುಂದೆ ಬರುವವರನ್ನು ಸಂಘಟಕರೇ ಮೇಲಕ್ಕೆ ಕಳಿಸುವುದುಂಟು. ನನ್ನ ಮಟ್ಟಿಗೆ ಆ ಕಾಗದ ಇನ್ನೂ ಬಂದಿರಲಿಲ್ಲ. ಆದರೆ ಸುತ್ತಮುತ್ತಲಿನ ಸಣ್ಣ ರೇಸುಗಳಲ್ಲಿ ಮರದ ಫಲಕಗಳು ಸಿಗತೊಡಗಿದ್ದವು. ಒಂದು ಸಲ ನನ್ನ ಹಿಂದೆ, ನಾಲ್ಕನೆಯವನಾಗಿ ಬಂದ ಹುಡುಗನನ್ನು ಕಂಡೆ. ಅವನಿಗೆ ಅದು ಮೊದಲ ವರ್ಷ. ಬೂಟು ಯಾರದ್ದೋ ಹಳೆಯದು, ಬೈಕಿನ ಹಿಂದಿನ ಟೈರಿನಲ್ಲಿ ಗುಬ್ಬಿಗಳೇ ಸವೆದುಹೋಗಿದ್ದವು. ವೇದಿಕೆಯಲ್ಲಿ ಮೂರೇ ಮೆಟ್ಟಿಲು. ಕೆಳಗೆ ನಿಂತು ಚಪ್ಪಾಳೆ ತಟ್ಟಿ ಹೋದ. ಸಿ ಕ್ಲಾಸು ಇರುವುದು ಕಲಿಯುವವರಿಗಾಗಿ. ಕಲಿತಾದ ಮೇಲೂ ಅಲ್ಲೇ ಜಾಗ ಹಿಡಿದು ಕೂರುವವರು ಪ್ರತಿ ಊರಿನಲ್ಲೂ ಇದ್ದಾರೆ. ಗೆಲ್ಲುವ ಅಭ್ಯಾಸ ಬಿಡುವುದು ಕಷ್ಟ ಅನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಹೊಸಬನಿಗೆ ಸಿಗಬೇಕಾದ ಮೊದಲ ಫಲಕವನ್ನು ಹಳಬ ಮನೆಗೆ ಒಯ್ಯುವುದು ಅನ್ಯಾಯವೇ.

ನಮ್ಮ ದೇಶದ ಕ್ಲಾಸುಗಳ ಲೆಕ್ಕ ಇಲ್ಲಿ ನೆನಪಾಗುತ್ತದೆ. ಭಾರತದ ಸೂಪರ್‌ಕ್ರಾಸ್‌ನಲ್ಲಿ ನಾವಿಸ್, ಪ್ರೈವೇಟ್ ಎಕ್ಸ್‌ಪರ್ಟ್, ಫಾರಿನ್ ಓಪನ್ ಎಂದು ವರ್ಗಗಳಿವೆ. ಕೊನೆಯದಕ್ಕೆ ಏರಬೇಕಾದರೆ ಕೈಚಳಕ ಒಂದೇ ಸಾಲದು, ಹೊರದೇಶದಿಂದ ತರಿಸಿದ ಬೈಕೂ ಬೇಕು. ಎಷ್ಟೋ ಪ್ರತಿಭಾವಂತರು ಮೇಲಿನ ಮೆಟ್ಟಿಲಿಗೆ ಕಾಲಿಡದೆ ಉಳಿಯುವುದು ಇದರಿಂದಲೇ. ಅದನ್ನೂ ದಾಟಿ ಹೋದವರಿದ್ದಾರೆ ಎಂಬುದು ನಮ್ಮ ಹೆಮ್ಮೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯರಾದರು, ಆಗ ಅವರ ಸ್ಥಾನ 36. ಬಿಗ್‌ಬಾಸ್‌ನಿಂದ ಮನೆಮನೆಗೂ ಪರಿಚಯವಾದ ಅರವಿಂದ್ ಕೆ.ಪಿ. ಆ ಕಾರ್ಯಕ್ರಮಕ್ಕಿಂತ ಮೊದಲೇ, 2019ರಲ್ಲಿ, ಡಕಾರ್ ಮುಗಿಸಿದ್ದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನೇ ಗೆದ್ದರು. ಇಲ್ಲಿ ಇಂಡಿಯಾನಾದಲ್ಲಿ ಸಿ ಬಿಟ್ಟು ಬಿಗೆ ಹೋದರೂ ಬೈಕು ಬದಲಿಸಬೇಕಿಲ್ಲ, ಖರ್ಚು ಏರುವುದಿಲ್ಲ. ಬದಲಾಗುವುದು ನಿಲ್ಲುವ ಸಾಲು, ಹೊರಡುವ ಹೊತ್ತು, ಸೇರಿಕೊಳ್ಳುವ ಒಂದು ಗಂಟೆ.

ನನ್ನದು ಯಮಹಾ ವೈಝಡ್250ಎಕ್ಸ್, ಟೂ-ಸ್ಟ್ರೋಕ್. ಇಂದಿನ ಕಾಲದಲ್ಲೂ ಅದಕ್ಕೆ ಸೆಲ್ಫ್ ಸ್ಟಾರ್ಟ್ ಇಲ್ಲ, ಕಿಕ್ಕರ್ ಮಾತ್ರ. ಪೆಟ್ರೋಲಿಗೆ ಆಯಿಲ್ ನಾವೇ ಬೆರೆಸಬೇಕು. ಅಳತೆಯ ಲೋಟದಲ್ಲಿ ಆಯಿಲ್ ಸುರಿದು ಡಬ್ಬ ಕುಲುಕುವಾಗ ಏಳುವ ವಾಸನೆ ನನ್ನನ್ನು ಸಕಲೇಶಪುರದ ಕಡೆಗೆ ಎಳೆಯುತ್ತದೆ. ನಮ್ಮ ದೊಡ್ಡಪ್ಪನ ಹತ್ತಿರ ಯೆಜ್ಡಿ ಇತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಬೈಕು. ಅದರಲ್ಲಿ ಕಿಕ್ಕರೂ ಗೇರೂ ಒಂದೇ ಸಲಾಕೆ. ಒದ್ದು ಎಂಜಿನ್ ಎಬ್ಬಿಸಿ, ಅದನ್ನೇ ಮುಂದಕ್ಕೆ ಮಡಚಿದರೆ ಗೇರು. ಮಳೆಗಾಲದಲ್ಲಿ ತೋಟದ ಕೆಮ್ಮಣ್ಣಿನ ಇಳಿಜಾರಿನಲ್ಲಿ, ಹಿಂದೆ ಗೊಬ್ಬರದ ಮೂಟೆ ಹೇರಿಕೊಂಡು ಅವರು ಒಂದು ಕಾಲನ್ನೂ ನೆಲಕ್ಕೆ ಊರದೆ ಇಳಿಯುತ್ತಿದ್ದರು. ಆ ಇಳಿಜಾರು ಮಳೆಗಾಲದಲ್ಲಿ ಬಿ ಕ್ಲಾಸಿನದೇ ಆಗಿತ್ತು. ದೊಡ್ಡಪ್ಪನಿಗೆ ಯಾರೂ ಕ್ಲಾಸು ಕೊಟ್ಟಿರಲಿಲ್ಲ ಅಷ್ಟೆ.

ಶನಿವಾರ ಸಂಜೆಗೆ ಬಾಮೈದ ಬಂದ. ವೆಸ್ಟ್ ಲಫಾಯೆಟ್‌ನ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುತ್ತಾನೆ, ಅಲ್ಲಿಂದ ಇಲ್ಲಿಗೆ ಮುಕ್ಕಾಲು ಗಂಟೆ. ಒಂದು ಡಬ್ಬಿ ಚಿತ್ರಾನ್ನ, ಒಂದು ಡಬ್ಬಿ ಮೊಸರನ್ನ ತಂದಿದ್ದ.

“ಭಾವ, ಬೆಳಗಿನ ರೇಸಿಗೆ ನಾನು ಬೇಕಾಗಿರಲಿಲ್ಲ. ಈಗ ಯಾಕೆ ಕರೆದ್ರಿ?”

“ಎರಡು ಗಂಟೆಗೆ ಟ್ಯಾಂಕು ಸಾಕಾಗ್ತಿತ್ತು ಕಣೋ. ಮೂರು ಗಂಟೆಗೆ ಸಾಕಾಗಲ್ಲ. ಮಧ್ಯೆ ಪೆಟ್ರೋಲ್ ಹಾಕೋಕೆ ಒಬ್ಬ ಬೇಕು.”

ಮೇಲಿನ ಕ್ಲಾಸಿನಲ್ಲಿ ಒಬ್ಬನೇ ಓಡಲಾಗದು. ಪಿಟ್‌ನಲ್ಲಿ ನಿಲ್ಲುವ ಮನುಷ್ಯ ಓಟದ ಅರ್ಧ. ಎಂಜಿನ್ ನಿಲ್ಲಿಸಿದ ಮೇಲೆಯೇ ಡಬ್ಬ ಬಗ್ಗಿಸಬೇಕು. ಅಷ್ಟರಲ್ಲಿ ಕೆಸರು ಮೆತ್ತಿದ ಗಾಗಲ್ಸ್ ತೆಗೆದು ಹೊಸದು ಕೊಡಬೇಕು, ಒದ್ದೆ ಗ್ಲೌಸು ಬದಲಿಸಬೇಕು, ಬಾಯಿಗೆ ಏನಾದರೂ ಇಡಬೇಕು. ಗಾಗಲ್ಸ್ ಕೊಡುವಾಗ ಗಾಜು ಮುಟ್ಟಬಾರದು, ಪಟ್ಟಿ ಹಿಡಿದು ಕೊಡಬೇಕು. ಇದನ್ನೆಲ್ಲ ಕತ್ತಲಾಗುವವರೆಗೆ ವ್ಯಾನಿನ ಪಕ್ಕದಲ್ಲಿ ಮತ್ತೆಮತ್ತೆ ಮಾಡಿ ನೋಡಿದೆವು. ಸುತ್ತಲೂ ಟೆಂಟುಗಳ ಮುಂದೆ ಬೆಂಕಿ ಹೊತ್ತಿಸಿದ್ದರು. ನೆರೆಯ ಟೆಂಟಿನ ಓಹಾಯೊದ ಅಜ್ಜ ಬಂದು ನಮ್ಮ ತಾಲೀಮು ನೋಡಿದ. ಡಬ್ಬದ ಕೊಳವೆ ಉದ್ದವಾಯಿತು ಎಂದು ಹೇಳಿ ತನ್ನದೊಂದು ಗಿಡ್ಡ ಕೊಳವೆ ಕೊಟ್ಟು ಹೋದ. ಅವನ ಮೊಮ್ಮಗಳು ಬೆಳಗಿನ ಮಕ್ಕಳ ಓಟದಲ್ಲಿದ್ದಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಹಳೆಯ ಪಾಳಿ ಹೊರಟಾಗ ನಾನು ಬೇಲಿಯ ಈಚೆ ನಿಂತಿದ್ದೆ. ಅವರು ಎಲ್ಲೆಲ್ಲಿ ಸಿಕ್ಕಿಬೀಳುತ್ತಾರೆ, ಯಾವ ಗೆರೆ ಹಿಡಿದವರು ಪಾರಾಗುತ್ತಾರೆ ಎಂದು ನೋಡುತ್ತ ಕಾಡಿನೊಳಗೆ ನಡೆದೆ. ಇಲ್ಲಿನ ನೆಲ ಕಪ್ಪು ಮೆಕ್ಕಲು, ಅದರಡಿ ಜೇಡಿ. ಹಿಂದಿನ ವಾರ ಮಳೆ ಬಿದ್ದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಎಲೆ ಹಾಸಿದ್ದ ದಾರಿ ಹನ್ನೊಂದಕ್ಕೆ ಉತ್ತ ಗದ್ದೆಯ ಹಾಗಿತ್ತು. ಹಳ್ಳಕ್ಕೆ ಇಳಿಯುವಲ್ಲಿ ಮೂರು ಕೊರಕಲು ಬಿದ್ದಿದ್ದವು. ನಡುವಿನದು ಆಳ, ಕಾಲಿಡುವ ಫುಟ್‌ಪೆಗ್ ಎರಡೂ ಬದಿಗೆ ತಾಗಿ ಬೈಕು ಅಲ್ಲೇ ಕೂರುತ್ತಿತ್ತು. ಎಡಗಡೆಯದರ ಬಾಯಲ್ಲಿ ತೊಡೆ ದಪ್ಪದ ಬೇರು ಓರೆಯಾಗಿ ಮಲಗಿತ್ತು. ಬಲಗಡೆಯದು ಸುತ್ತು ದಾರಿ, ಎರಡು ಮರಗಳ ನಡುವೆ ಹ್ಯಾಂಡಲ್‌ಬಾರ್ ನುಸುಳುವಷ್ಟೇ ಸಂದು. ಗಡಿಬಿಡಿಯವರೆಲ್ಲ ನಡುವಿನದಕ್ಕೇ ಬೀಳುತ್ತಿದ್ದರು. ಬಲಗಡೆಯದನ್ನು ಮನಸ್ಸಿನಲ್ಲಿ ಗುರುತಿಟ್ಟುಕೊಂಡೆ.

ಒಂದು ಗಂಟೆಗೆ ಹೊಲದಲ್ಲಿ ಸಾಲುಗಳು ನಿಂತವು. ಈ ಸರಣಿಯಲ್ಲಿ ಎಂಜಿನ್ ಆರಿಸಿ ನಿಂತಿರಬೇಕು. ನೂರಾರು ಬೈಕು, ಸದ್ದಿಲ್ಲ. ಬಾವುಟ ಬೀಸಿದೊಡನೆ ಒಂದು ಸಾಲು ಒಟ್ಟಿಗೆ ಎದ್ದು ಗುಡುಗಿ ಹೋಗುತ್ತದೆ, ಮತ್ತೆ ನಿಶ್ಶಬ್ದ, ಮತ್ತೆ ಇನ್ನೊಂದು ಸಾಲು. ವೃತ್ತಿಪರರು ಮೊದಲ ತಿರುವಿನಲ್ಲಿ ಮಾಯವಾದ ಎಷ್ಟೋ ಹೊತ್ತಿನ ಮೇಲೆ ನಮ್ಮ ಸಾಲು ಮುಂದೆ ಬಂತು. ಸಿ ಕ್ಲಾಸಿನ ಸಾಲಿನಲ್ಲಿ ಮಾತು, ನಗು, ಪಕ್ಕದವನ ಜತೆ ತಮಾಷೆ ಇರುತ್ತಿತ್ತು. ಇಲ್ಲಿ ಎಲ್ಲರೂ ಹೊಲದಾಚೆಯ ಮೊದಲ ತಿರುವನ್ನೇ ನೋಡುತ್ತಿದ್ದರು. ಕಿಕ್ಕರಿನ ಮೇಲೆ ಕಾಲಿಟ್ಟೆ. ಒಂದೇ ಒದೆತಕ್ಕೆ ಎದ್ದಿತು. ಆದರೂ ಬಟನ್ ಒತ್ತಿದವರು ಒಂದು ಬೈಕಿನಷ್ಟು ಮುಂದಿದ್ದರು.

ಬಿ ಎಂದರೆ ಸಿ ಕ್ಲಾಸಿನದೇ ಓಟ, ಸ್ವಲ್ಪ ಜೋರು ಎಂದು ಹೊರಗಿನವರು ತಿಳಿಯುತ್ತಾರೆ. ನೇರ ದಾರಿಯಲ್ಲಿ ಅವರೂ ನಾನೂ ಒಂದೇ. ವ್ಯತ್ಯಾಸ ಇರುವುದು ತಿರುವಿಗೆ ಮೊದಲಿನ ಹತ್ತು ಮಾರಿನಲ್ಲಿ. ನಾನು ಬ್ರೇಕ್ ಹಿಡಿಯುವ ಜಾಗದಲ್ಲಿ ಅವರು ಇನ್ನೂ ನಿಂತೇ ಇರುತ್ತಾರೆ, ಮೊಣಕಾಲಿನ ನಡುವೆ ಟ್ಯಾಂಕು ಬಿಗಿಹಿಡಿದು. ಬೇರು ಕಂಡರೆ ಬಳಸಿ ಹೋಗುವುದಿಲ್ಲ, ಕ್ಲಚ್ ಒಂದು ಮಿಡಿತ ಮಿಡಿದು ಮುಂಚಕ್ರ ಎತ್ತಿ ದಾಟುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಸಿಕ್ಕಿಬಿದ್ದವನ ಹಿಂದೆ ಸಾಲುಗಟ್ಟಿ ಕಾಯುವುದಿಲ್ಲ. ದಾರಿ ಕಟ್ಟಿದರೆ ಗುರುತಿನ ರಿಬ್ಬನ್‌ಗಳ ಒಳಗೇ ಇನ್ನೊಂದು ಗೆರೆ ಕಂಡುಕೊಳ್ಳುತ್ತಾರೆ. ಮೊದಲ ಸುತ್ತಿನಲ್ಲಿ ನನ್ನ ಮುಂದಿದ್ದ ಕೆಂಪು ಬೈಕಿನವನ ಹಿಂದೆ ಸುಮಾರು ಎರಡು ಮೈಲಿ ಅಂಟಿಕೊಂಡೇ ಹೋದೆ. ಬರೀ ಅವನ ಬೆನ್ನು ನೋಡಿ ಕಲಿತದ್ದು ಒಂದಿಡೀ ಸೀಸನ್ನಿಗಿಂತ ಹೆಚ್ಚು.

ಅದರ ಬೆಲೆ ಮುಂಗೈ ತೆತ್ತಿತು. ಹ್ಯಾಂಡಲ್ ಬಿಗಿಯಾಗಿ ಹಿಡಿದಷ್ಟೂ ಸ್ನಾಯು ರಕ್ತ ತುಂಬಿ ಊದಿಕೊಳ್ಳುತ್ತದೆ. ಸುತ್ತಲಿನ ಪೊರೆ ಹಿಗ್ಗದೆ ಒತ್ತಡ ಏರುತ್ತದೆ, ಬೆರಳು ಮಾತು ಕೇಳುವುದಿಲ್ಲ. ರೈಡರುಗಳು ಇದನ್ನು ಆರ್ಮ್ ಪಂಪ್ ಅನ್ನುತ್ತಾರೆ. ಮದ್ದು ಒಂದೇ: ವೇಗ ಇಳಿಸದೆ ಹಿಡಿತ ಸಡಿಲಿಸುವುದು, ಭಾರವನ್ನು ಕಾಲಿಗೆ ದಾಟಿಸುವುದು. ಹೇಳುವುದಕ್ಕೆ ಸುಲಭ. ಎರಡನೇ ಸುತ್ತಿನ ಅರ್ಧದವರೆಗೆ ಮುಂದಿನ ಬ್ರೇಕನ್ನು ಒಂದು ಬೆರಳಲ್ಲಿ ಹಿಡಿಯಲಾಗದೆ ಎರಡರಲ್ಲಿ ಹಿಡಿದೆ. ಆಮೇಲೆ ರಕ್ತ ತಾನಾಗಿ ಇಳಿಯಿತು.

ಆ ಸುತ್ತು ಮುಗಿಯುವ ಹೊತ್ತಿಗೆ ಹಿಂದಿನಿಂದ ಒಂದು ಸದ್ದು ಬಂತು. ಓಟದ ಮುಂದಾಳು ನನ್ನನ್ನು ಒಂದು ಸುತ್ತು ಹಿಂದಿಕ್ಕಲು ಬಂದಿದ್ದ. ಬೆಳಗಿನ ಪಾಳಿಯಲ್ಲಿ ಇವರನ್ನು ಬೇಲಿಯಾಚೆಯಿಂದ ನೋಡಬೇಕು. ಇಲ್ಲಿ ಒಂದು ಗಜ ದೂರದಲ್ಲಿ ಹಾದು ಹೋಗುತ್ತಾರೆ. ಎಡಕ್ಕೆ ಸರಿದು ದಾರಿ ಬಿಟ್ಟೆ. ನಾನು ಗುರುತಿಟ್ಟಿದ್ದ ಹಳ್ಳದ ಇಳಿತಕ್ಕೆ ಅವನು ಮೂರು ಕೊರಕಲುಗಳಲ್ಲಿ ಯಾವುದನ್ನೂ ಹಿಡಿಯಲಿಲ್ಲ. ಎಡಗಡೆಯ ಆ ದಪ್ಪ ಬೇರನ್ನೇ ಚಿಮ್ಮುಹಲಗೆ ಮಾಡಿಕೊಂಡು ನೀರು ಮುಟ್ಟದೆ ಆಚೆ ದಡಕ್ಕೆ ಹಾರಿದ. ನಾನು ಅಡ್ಡಿ ಎಂದುಕೊಂಡದ್ದು ಅವನಿಗೆ ದಾರಿಯಾಗಿತ್ತು. ನನಗೆ ಬಲಗಡೆಯ ಸಂದೇ ಸಾಕಾಯಿತು. ಆದರೂ ಆ ಹಾರಿಕೆ ನೋಡಿದ ಸಂತೋಷದಲ್ಲಿ ಮುಂದಿನ ಒಂದು ಮೈಲಿ ಕಳೆದದ್ದು ಗೊತ್ತಾಗಲಿಲ್ಲ.

ಮೂರನೇ ಸುತ್ತು ಮುಗಿಸಿ ಪಿಟ್‌ಗೆ ಬಂದಾಗ ಓಟ ಶುರುವಾಗಿ ಎರಡು ಗಂಟೆಯಾಗಿತ್ತು. ದೇಹಕ್ಕೆ ಲೆಕ್ಕ ಗೊತ್ತು. ಇಷ್ಟು ಕಾಲ ಈ ಹೊತ್ತಿಗೆ ಹೆಲ್ಮೆಟ್ ತೆಗೆದು ಕೂರುತ್ತಿದ್ದವನು. ಎಂಜಿನ್ ನಿಂತಿತು. ಬಾಮೈದ ಅಜ್ಜನ ಗಿಡ್ಡ ಕೊಳವೆ ಹಾಕಿ ಡಬ್ಬ ಬಗ್ಗಿಸಿದ. ಪಟ್ಟಿ ಹಿಡಿದು ಗಾಗಲ್ಸ್ ಕೊಟ್ಟ. ಬಾಳೆಹಣ್ಣಿನ ಅರ್ಧ ಬಾಯಿಗೆ ತುರುಕಿದ.

“ಕೆಂಪು ಬೈಕಿನೋನು ಈಗ ತಾನೆ ಹೋದ ಭಾವ. ಅವನಿಗೂ ಸುಸ್ತಾಗಿದೆ, ಪಿಟ್‌ನಲ್ಲಿ ನೀರು ಕೇಳಿ ಕೇಳಿ ಕುಡಿದ. ಹೋಗಿ, ಹೋಗಿ.”

ಬಿ ಕ್ಲಾಸಿನ ನಿಜವಾದ ಭಾಗ ಇಲ್ಲಿಂದ ಶುರು. ಮೊದಲ ಎರಡು ಗಂಟೆಯನ್ನು ತೋಳು, ಕಣ್ಣು, ಹುರುಪು ಸೇರಿ ಸಾಗಿಸುತ್ತವೆ. ಮೂರನೆಯದರಲ್ಲಿ ಅವು ಒಂದೊಂದಾಗಿ ಕೈಬಿಡುತ್ತವೆ. ಆಗ ಉಳಿಯುವುದು ಕಲಿತ ವಿದ್ಯೆ ಮಾತ್ರ. ತೊಡೆಯಲ್ಲಿ ಶಕ್ತಿ ಇರುವವರೆಗೆ ತಪ್ಪು ಗೆರೆ ಹಿಡಿದರೂ ಬೈಕನ್ನು ಎತ್ತಿ ಸರಿಪಡಿಸಬಹುದು. ಶಕ್ತಿ ಹೋದ ಮೇಲೆ ಸರಿಯಾದ ಗೆರೆಯೊಂದೇ ಗತಿ. ಆದ್ದರಿಂದಲೇ ನಾಲ್ಕನೇ ಸುತ್ತಿನಲ್ಲಿ ನಾನು ವೇಗದ ಯೋಚನೆ ಬಿಟ್ಟು ದೂರ ನೋಡತೊಡಗಿದೆ. ಮುಂಚಕ್ರದ ಮುಂದಿನ ನೆಲ ಬಿಟ್ಟು ಇಪ್ಪತ್ತು ಗಜದಾಚೆಯ ಮರಗಳ ಸಂದು ನೋಡಿದೆ. ಒಂದು ಗೇರು ಎತ್ತರದಲ್ಲಿ ಓಡಿಸಿದೆ. ಎಂಜಿನ್ ಗೊಣಗಿತು, ಆದರೆ ಹಿಂಚಕ್ರ ಸುಮ್ಮನೆ ಸುತ್ತುವುದು ನಿಂತು ನೆಲ ಕಚ್ಚಿತು. ದೊಡ್ಡಪ್ಪ ಯೆಜ್ಡಿಯಲ್ಲಿ ಮೂಟೆ ಹೇರಿಕೊಂಡು ಏರು ಹತ್ತುವಾಗ ಮಾಡುತ್ತಿದ್ದುದೂ ಅದನ್ನೇ. ಹತ್ತುವುದಕ್ಕೆ ಮೊದಲೇ ವೇಗ ಹಿಡಿದುಕೊಳ್ಳಬೇಕು, ಏರಿನ ನಡುವೆ ಆಕ್ಸಿಲರೇಟರ್ ತಿರುವಬಾರದು.

ಈ ರೇಸಿನ ಹೆಸರಾಂತ ಏರಿನ ಎರಡೂ ಬದಿಗೆ ಜನ ಕಿಕ್ಕಿರಿದಿದ್ದರು. ಕೌಬೆಲ್ ಬಾರಿಸುವವರು, ಹೆಗಲ ಮೇಲೆ ಮಗು ಕೂರಿಸಿಕೊಂಡವರು. ಅವರಿಗೆ ಗೆದ್ದವನು ಬೇರೆ, ನಲವತ್ತನೆಯವನು ಬೇರೆ ಎಂಬ ಭೇದವಿಲ್ಲ. ಅರ್ಧದಲ್ಲಿ ನಾಲ್ಕು ಬೈಕು ಅಡ್ಡಾದಿಡ್ಡಿ ಬಿದ್ದಿದ್ದವು. ಕಿತ್ತಳೆ ಟೋಪಿಯವನೊಬ್ಬ ಮರದ ಬುಡದಿಂದ ಎರಡೂ ಕೈ ಎತ್ತಿ ಬಲಕ್ಕೆ, ಬಲಕ್ಕೆ ಎಂದು ತೋರಿಸುತ್ತಿದ್ದ. ಅವನನ್ನು ನಂಬಿ ಬಲಕ್ಕೆ ಹೊರಳಿಸಿದೆ. ಎಲೆ ಮುಚ್ಚಿದ್ದ ಗಟ್ಟಿ ನೆಲ ಸಿಕ್ಕಿತು, ನೆತ್ತಿ ಮುಟ್ಟಿದೆ. ಕೆಳಗೆ ಬಿದ್ದವರಲ್ಲಿ ಕೆಂಪು ಬೈಕೂ ಒಂದು.

ಅವನು ಐದನೇ ಸುತ್ತಿನಲ್ಲಿ ಮತ್ತೆ ನನ್ನನ್ನು ದಾಟಿದ. ಹಿಡಿಯಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಮುಂದಾಳು ಏಳು ಸುತ್ತು ಮುಗಿಸಿದ ಮೇಲೆ ನಾನು ಐದನೆಯದನ್ನು ಮುಗಿಸಿ ಗೆರೆ ದಾಟಿದೆ. ಹೆಲ್ಮೆಟ್ಟಿಗೆ ಅಂಟಿಸಿದ ಟ್ರಾನ್ಸ್‌ಪಾಂಡರಿನಿಂದ ಪ್ರತಿ ಸುತ್ತಿನ ಸಮಯ ಫೋನಿನಲ್ಲೇ ಸಿಗುತ್ತದೆ. ನನ್ನ ಸಾಲಿನಲ್ಲಿ ಅರ್ಧಕ್ಕಿಂತ ಕೆಳಗಿದ್ದೆ. ಸಿ ಕ್ಲಾಸಿನಲ್ಲಿದ್ದಿದ್ದರೆ ಫಲಕವೊಂದು ವ್ಯಾನಿನಲ್ಲಿರುತ್ತಿತ್ತೇನೋ. ಬಾಮೈದ ಮಾತ್ರ ಸ್ಥಾನ ನೋಡಲಿಲ್ಲ, ಸುತ್ತುಗಳನ್ನು ನೋಡಿದ.

“ಭಾವ, ಮೂರನೇದಕ್ಕಿಂತ ನಾಲ್ಕನೇ ಸುತ್ತು ಜೋರಾಗಿದೆ. ಸುಸ್ತಾದ ಮೇಲೆ ಜೋರಾಗೋದು ಹೆಂಗೆ?”

ಗೇರಿನ ವಿಷಯ ಹೇಳಿದೆ, ದೂರ ನೋಡುವುದರ ವಿಷಯ ಹೇಳಿದೆ. ಅವನು ಚಿತ್ರಾನ್ನದ ಡಬ್ಬಿ ತೆರೆಯುವಷ್ಟರಲ್ಲಿ ಕೆಂಪು ಬೈಕಿನವನು ಹುಡುಕಿಕೊಂಡು ಬಂದ. ಕೆಂಟಕಿಯವನು, ಮನೆಗಳ ಛಾವಣಿ ಹಾಕುವ ಕೆಲಸ. ಏರಿನಲ್ಲಿ ನಾನು ಹಿಡಿದ ಬಲಗಡೆಯ ಗೆರೆ ಎಲ್ಲಿತ್ತು ಎಂದು ಕೇಳಿದ. ಮೊದಲ ಸುತ್ತಿನಲ್ಲಿ ಬೇರು ದಾಟುವಾಗ ಅವನು ಕ್ಲಚ್ ಯಾವ ಹೊತ್ತಿಗೆ ಬಿಡುತ್ತಿದ್ದ ಎಂದು ನಾನು ಕೇಳಿದೆ. ಅವನು ನನ್ನ ಬೈಕಿನ ಮೇಲೇ ಕೂತು ತೋರಿಸಿದ: ಮುಂಚಕ್ರ ಬೇರಿಗೆ ತಾಗುವ ಮುನ್ನ ಅಲ್ಲ, ತಾಗಿದ ಕ್ಷಣಕ್ಕೆ, ಸಸ್ಪೆನ್ಷನ್ ಕುಗ್ಗಿ ಮೇಲೇಳುವಾಗ. ಎರಡು ಚಮಚ ಚಿತ್ರಾನ್ನ ತಿಂದು, ಒಣಮೆಣಸಿನಕಾಯಿ ಬದಿಗಿಟ್ಟು, ಮಾರ್ಚಿನಲ್ಲಿ ಬಿ ಸಾಲಿನಲ್ಲಿ ಸಿಗೋಣ ಎಂದು ಹೇಳಿ ಹೋದ. ನಾವು ಬೈಕಿನ ಕೆಸರು ತೊಳೆಯಲು ನೀರಿನ ಸಾಲಿಗೆ ನಡೆದೆವು. ದಾರಿಯುದ್ದಕ್ಕೂ ಬಾಮೈದ ಕ್ಲಚ್ಚಿನ ಪ್ರಶ್ನೆ ಕೇಳುತ್ತಲೇ ಇದ್ದ.